ಎಂಟು ಜನ ಎಲ್ಲಿ ಹೋದರು? ಫಸ್ಟ್ ಮಿನೆಸೋಟಾ ರೆಜಿಮೆಂಟಿನ ಲೆಕ್ಕ ತಾಳೆ ಹಾಕಿದ ನನ್ನ ಅನುಭವ

215ಕ್ಕೆ 17 ಕೂಡಿಸಿದರೆ 232. 50, 173, 1 ಈ ಮೂರನ್ನು ಕೂಡಿಸಿದರೆ 224. ಎರಡೂ ಒಂದೇ ರೆಜಿಮೆಂಟಿನ ಲೆಕ್ಕ, ಒಂದೇ ಯುದ್ಧದ್ದು: ಅಮೆರಿಕದ ಅಂತರ್ಯುದ್ಧದ ಗೆಟಿಸ್‌ಬರ್ಗ್ ಕಾಳಗ. ರೆಜಿಮೆಂಟು ಉತ್ತರದ ಕಡೆಯದು, ಮಿನೆಸೋಟಾ ರಾಜ್ಯದ್ದು. ಮೊದಲನೆಯದು ಗೆಟಿಸ್‌ಬರ್ಗ್‌ನಲ್ಲಿ ಫಸ್ಟ್ ಮಿನೆಸೋಟಾದ ಸ್ಮಾರಕದ ಮೇಲೆ ಕೆತ್ತಿರುವುದು: 1863ರ ಜುಲೈ 2ರಂದು ಬಿದ್ದವರು (ಸತ್ತವರು, ಗಾಯಗೊಂಡವರು ಸೇರಿ) 215, ಮಾರನೇ ದಿನ ಇನ್ನೂ 17. ಎರಡನೆಯದು ಅಮೆರಿಕ ಸರ್ಕಾರ ಅಚ್ಚು ಹಾಕಿಸಿದ ಪಟ್ಟಿಯದು: ಸತ್ತವರು, ಗಾಯಗೊಂಡವರು, ಕಾಣೆಯಾದವರು. ಎಂಟು ಜನರ ವ್ಯತ್ಯಾಸ. ಜೊತೆಗೆ, ಜುಲೈ 2ರ ದಾಳಿಯಲ್ಲಿ ಒಬ್ಬನೂ ಕಾಣೆಯಾಗಿಲ್ಲ ಎಂದು ಕಲ್ಲು ಹೇಳುತ್ತದೆ. ಪಟ್ಟಿಯಲ್ಲಿ ಒಬ್ಬ ಕಾಣೆ.

ನಾನು ಮೂವತ್ತು ಚಿಲ್ಲರೆ ವರ್ಷ ಲೋಕೋಪಯೋಗಿ ಇಲಾಖೆಯ ಅಕೌಂಟ್ಸ್‌ನಲ್ಲಿ ಇದ್ದವನು. ಎಂಟು ರೂಪಾಯಿ ವ್ಯತ್ಯಾಸ ಬಂದರೂ ನಿದ್ದೆ ಬರುತ್ತಿರಲಿಲ್ಲ. ಇಲ್ಲಿ ಎಂಟು ಜನ! ಮಗನ ಮನೆ ಮಿನೆಸೋಟಾದಲ್ಲೇ, ಮಿನಿಯಾಪೊಲಿಸ್ ಹತ್ತಿರ. ಹೊರಗೆ ಮೊಣಕಾಲುದ್ದ ಹಿಮ, ಒಳಗೆ ಮಾಡಲು ಕೆಲಸವಿಲ್ಲ. ಹಾಗೆ ಶುರುವಾಯಿತು.

ಅಂತರ್ಯುದ್ಧದ ಆಸಕ್ತರ ಒಂದು ಗುಂಪಿನಲ್ಲಿ ನನ್ನ ಯೋಚನೆ ಹೇಳಿದೆ. ಆಳಿಗೊಂದು ಸಾಲು ಹಾಕಿ, ದಿನದ ಲೆಕ್ಕದಲ್ಲಿ ಎಲ್ಲಿದ್ದ ಎಂದು ಬರೆದರೆ ಸಿಗುತ್ತದೆ ಎಂದೆ. ಎಲ್ಲರೂ ಮರ್ಯಾದೆಯಿಂದಲೇ ನಕ್ಕರು. ನೂರು ವರ್ಷದಿಂದ ಇತಿಹಾಸಕಾರರು ನೋಡಿದ್ದಾರೆ, ಇನ್ನೇನು ಉಳಿದಿದೆ ಅಂದರು. ಮಗನೂ ಅದನ್ನೇ ಹೇಳಿದ. "ಅಪ್ಪಾ, ಅದು ಮಸ್ಟರ್ ರೋಲ್ ಅಲ್ಲ, ಯುದ್ಧ." ಅಲ್ಲೇ ಅವನು ತಪ್ಪಿದ್ದು. ಅದು ಮಸ್ಟರ್ ರೋಲೇ, ಸೈನ್ಯದ ಹಾಜರಿ ಪಟ್ಟಿ. ಹೆಸರೂ ಅದೇ.

ಮೊದಲ ವರ್ಷ ಪೂರ್ತಿ ದಂಡ. ಅಧಿಕಾರಿಗಳ ವರದಿಗಳಿಂದ ಶುರು ಮಾಡಿದ್ದೆ. ವರದಿ ಬರೆಯುವವನು ತನ್ನ ಮೇಲಿನವನಿಗಾಗಿ ಬರೆಯುತ್ತಾನೆ, ಇದು ಗೊತ್ತಿದ್ದೂ ಮೋಸ ಹೋದೆ. ಎರಡನೇ ತಪ್ಪು ದುಡ್ಡಿನದು. ಆಗ ಅಮೆರಿಕ ಸರ್ಕಾರದ ದಾಖಲೆ ಸಂಗ್ರಹ ನ್ಯಾಷನಲ್ ಆರ್ಕೈವ್ಸ್‌ನಿಂದ ಸೇವಾ ದಾಖಲೆಗೆ 30 ಡಾಲರ್, ಪೂರ್ತಿ ಪೆನ್ಷನ್ ಫೈಲಿಗೆ 80. ಮಿನೆಸೋಟಾದಲ್ಲಿ ಸ್ವೀಡನ್, ಜರ್ಮನಿಯಿಂದ ಬಂದವರೂ ಇದ್ದರು. ಒಬ್ಬನೇ ಮನುಷ್ಯ ಒಂದು ಕಡೆ ಆಂಡರ್ಸ್, ಇನ್ನೊಂದು ಕಡೆ ಆಂಡ್ರ್ಯೂ. ಹೆಸರು ನೋಡಿ ತರಿಸಿದ ಮೂರು ಪೆನ್ಷನ್ ಫೈಲು ಬೇರೆಯವರದು. 240 ಡಾಲರ್ ನೀರಿಗೆ. ನನ್ನ ಹೆಂಡತಿ ರೂಪಾಯಿಗೆ ಹಾಕಿ ನೋಡಿ, "ಈ ದುಡ್ಡಲ್ಲಿ ಎರಡು ಸೀರೆ ಬರ್ತಿತ್ತು ರೀ, ಅದೂ ಒಳ್ಳೇವು" ಅಂದಳು. ಈಗಲೂ ಅನ್ನುತ್ತಾಳೆ.

ದಾರಿ ಸಿಕ್ಕಿದ್ದು ತಾರೀಕಿನಿಂದ. ಎರಡು ತಿಂಗಳಿಗೊಮ್ಮೆ, ತಿಂಗಳ ಕೊನೇ ದಿನ ಹಾಜರಿ ತೆಗೆಯುತ್ತಿದ್ದರು. ಫೆಬ್ರುವರಿ, ಏಪ್ರಿಲ್, ಜೂನ್, ಹೀಗೆ. ಅಂದರೆ 1863ರ ಜೂನ್ 30ಕ್ಕೆ ಒಂದು ಹಾಜರಿ ಇದೆ. ದಾಳಿ ಜುಲೈ 2ಕ್ಕೆ. ಮಧ್ಯೆ ಒಂದೇ ದಿನ! ಹಾಜರಿಯ ಹಿಂದಿನ ದಿನ ಸುಮಾರು 33 ಮೈಲಿ ನಡೆದು ಬಂದು, ಮೇರಿಲ್ಯಾಂಡಿನ ಯೂನಿಯನ್‌ಟೌನ್‌ನಲ್ಲಿ ಬಿದ್ದುಕೊಂಡಿದ್ದ ಜನ. ರೆಜಿಮೆಂಟಿನ ಮುಖ್ಯಸ್ಥ ಕರ್ನಲ್ ಕಾಲ್ವಿಲ್ ಆವಾಗ ಅರೆಸ್ಟಿನಲ್ಲಿದ್ದ. ಯಾಕೆ ಗೊತ್ತಾ? ಹಳ್ಳ ದಾಟುವಾಗ ಅವನ ಹುಡುಗರು ನೀರಿಗೆ ಇಳಿಯದೆ ಮರದ ದಿಮ್ಮಿ ಮೇಲೆ ದಾಟಿ ತಡ ಮಾಡಿದರು ಅಂತ. ಗುಂಡಿನ ಮುಂದೆ ನಿಲ್ಲಿಸಬೇಕಾದಾಗ ಬಿಟ್ಟರು.

ಈ ಹಾಜರಿ ಸಂಬಳಕ್ಕಾಗಿ ತೆಗೆದದ್ದು. ಸಿಪಾಯಿಗೆ ತಿಂಗಳಿಗೆ 13 ಡಾಲರ್. ಶೌರ್ಯದ ವಿಷಯದಲ್ಲಿ ಜನ ಉಬ್ಬಿಸಿ ಬರೆಯುತ್ತಾರೆ, ಸಂಬಳದ ಕಾಗದದಲ್ಲಿ ಅದು ಕಷ್ಟ. ಕಡಿತ ಮಾಡುವವನು ಒಬ್ಬ ಕೂತಿರುತ್ತಾನಲ್ಲ. ನಮ್ಮಲ್ಲಿ ಬೋಗಸ್ ಹೆಸರು ಹುಡುಕುವುದು ಕೆಲಸ: ರೋಲಿನಲ್ಲಿ ಹೆಸರಿದೆ, ಆಳಿಲ್ಲ. ಇಲ್ಲಿ ಉಲ್ಟಾ. ಆಳು ಹಾಜರಿದ್ದಾನೆ, ಆದರೆ ಹೊಡೆದಾಡುವ ಸಾಲಿನಲ್ಲಿಲ್ಲ. ಗಾಡಿ ಹೊಡೆಯುವವನು, ಅಡುಗೆಯವನು, ಆಂಬುಲೆನ್ಸಿಗೆ ಹಾಕಿದವನು, ಎಲ್ಲರೂ ಹಾಜರಿಯೇ. ರೆಜಿಮೆಂಟಿನೊಳಗಿನ ತುಕಡಿಗೆ ಕಂಪನಿ ಎನ್ನುತ್ತಾರೆ. ಕಂಪನಿ ಸಿ ಡಿವಿಜನ್ ಕಚೇರಿಯ ಕಾವಲಿಗೆ. ಎಫ್ ಬೇರೆ ಕಡೆ ಮುಂಚೂಣಿಗೆ. ಎಲ್ ಗುರಿಕಾರರ ಕಂಪನಿ, ಅದೂ ಬೇರೆ. ಉಳಿದದ್ದು ಎಂಟು ಕಂಪನಿ. ದಾಳಿಗೆ ಇಳಿದವರು 262 ಎಂದು ಕಲ್ಲಿನಲ್ಲಿ ಇರುವುದು ಈ ಎಂಟರದು. 47 ಜನ ಉಳಿದರು ಎನ್ನುವುದೂ ಇವರಲ್ಲಿ. ಇಡೀ ರೆಜಿಮೆಂಟಿನಲ್ಲಿ 47 ಜನ ಉಳಿದರು ಎಂದು ಈಗಲೂ ಬರೆಯುವವರಿದ್ದಾರೆ. ಸುಮ್ನೆ ಓದದೆ ಬರೆಯುತ್ತಾರೆ.

ಆಮೇಲೆ ಆಗಸ್ಟ್ 31ರ ಹಾಜರಿ. ಆಗ ಇವರು ನ್ಯೂಯಾರ್ಕಿನಲ್ಲಿ. ಸೈನ್ಯಕ್ಕೆ ಕಡ್ಡಾಯವಾಗಿ ಸೇರಿಸುವುದರ ವಿರುದ್ಧ ಜುಲೈನಲ್ಲಿ ಗಲಭೆ ಆಗಿತ್ತಲ್ಲ, ಅದಕ್ಕೆ ಕಾವಲು. ಎರಡೂ ಹಾಜರಿಯ ನಡುವೆ ಒಬ್ಬೊಬ್ಬನನ್ನೂ ದಾಟಿಸಬೇಕು. ಸೇವಾ ದಾಖಲೆಯ ಒಂದು ಕಾರ್ಡ್ ನನಗೆ ಕಣ್ಣಿಗೆ ಕಟ್ಟಿದ ಹಾಗಿದೆ. ಗೈರು, ಜುಲೈ 2ರಂದು ಗಾಯ, ಆಸ್ಪತ್ರೆಯಲ್ಲಿ. ಅದರ ಕೆಳಗೆ, ಒಂದು ಕ್ಯಾಂಟೀನ್, ಅಂದರೆ ನೀರು ಒಯ್ಯುವ ಬಾಟಲಿ, ಕಳೆದದ್ದಕ್ಕೆ ಸರ್ಕಾರಕ್ಕೆ ಬಾಕಿ. ಕಾಲಿಗೆ ಗುಂಡು ಬಿದ್ದವನ ಹತ್ತಿರ ಕ್ಯಾಂಟೀನಿನ ದುಡ್ಡು! ಆಡಿಟ್ ಯಾವ ದೇಶದಲ್ಲೂ ಒಂದೇ. ಈ ಕಡಿತದ ಕಾಲಂನಿಂದ ಇನ್ನೊಂದು ವಿಷಯ ತಿಳಿಯುತ್ತದೆ, ಯಾರು ಯಾವ ದಿನ ಬಿದ್ದ ಎನ್ನುವುದು. ಅದು ಹೇಗೆ ಎಂದು ಮಾತ್ರ ಹೇಳಲ್ಲ. ನನಗೆ ಮೂರು ಚಳಿಗಾಲ ಹಿಡಿದಿದೆ.

ನೆನಪಿರಲಿ, ನಮಗೆ ಸಿಗುವ ಕಾರ್ಡುಗಳು ಮೂಲ ಅಲ್ಲ. ಯುದ್ಧ ಮುಗಿದು ಎಷ್ಟೋ ವರ್ಷದ ಮೇಲೆ, 1880, 90ರ ದಶಕಗಳಲ್ಲಿ ಗುಮಾಸ್ತರು ರೋಲು ನೋಡಿ ನಕಲು ಮಾಡಿದ್ದು. 2 ಅನ್ನು 3 ಎಂದು ಬರೆದಿರಬಹುದು. ನಮಗೆ ಆ ಒಂದು ಅಂಕಿಯೇ ಮುಖ್ಯ. ಅದಕ್ಕೆ ಪೆನ್ಷನ್ ಫೈಲಿನಲ್ಲಿರುವ ಡಾಕ್ಟರ ಸರ್ಟಿಫಿಕೇಟು, ಜೊತೆಯವರ ಅಫಿಡವಿಟ್ಟು ನೋಡಲೇಬೇಕು.

ಮಧ್ಯೆ ಒಂದು ಹುಚ್ಚು. ಇಳಿಜಾರಿನಲ್ಲಿ ಅವರು ಓಡಿದ ದೂರ ಸುಮಾರು 300 ಗಜ. ಆಗಿನ ಕವಾಯತಿನ ನಿಯಮದಲ್ಲಿ ವೇಗದ ನಡೆ ಎಂದರೆ ನಿಮಿಷಕ್ಕೆ 165 ಹೆಜ್ಜೆ, ಹೆಜ್ಜೆಗೆ 33 ಅಂಗುಲ. ಲೆಕ್ಕಕ್ಕೆ ಎರಡೇ ನಿಮಿಷ. ಮೊಮ್ಮಗನ ಕೈಗೆ ಗಡಿಯಾರ ಕೊಟ್ಟು ಪಾರ್ಕಿನಲ್ಲಿ ನಾನೂ ನಡೆದೆ. ಐದು ನಿಮಿಷದ ಹತ್ತಿರ ಆಯಿತು, ಒಮ್ಮೆ ಬಿದ್ದೆ. ಲೆಕ್ಕಕ್ಕೆ ಏನೂ ಉಪಯೋಗ ಆಗಲಿಲ್ಲ. ಆದರೆ ಎರಡು ನಿಮಿಷದಲ್ಲಿ 215 ಎಂದರೆ ಏನು ಎಂದು ಅಲ್ಲಿ ಕೂತಾಗ ಅನ್ನಿಸಿತು. ಅದೆಲ್ಲ ಓಡುವಾಗಲೇ ಆಗಿದ್ದಲ್ಲ, ಕೆಳಗೆ ತೊರೆಯ ಹತ್ತಿರ ನಿಂತು ಹೊಡೆದಾಡುವಾಗಲೂ ಬಿದ್ದರು, ಅದು ಬೇರೆ.

ಎದುರಿನವರದ್ದೂ ನೋಡೋಣ ಎಂದು ದಕ್ಷಿಣದ ಜನರಲ್ ವಿಲ್ಕಾಕ್ಸನ ಅಲಬಾಮಾ ಬ್ರಿಗೇಡಿಗೆ ಕೈ ಹಾಕಿದೆ. ಎರಡು ವಾರಕ್ಕೆ ಬಿಟ್ಟೆ. ಸೋತ ಕಡೆಯ ಕಾಗದ ಅರ್ಧ ಇರುವುದಿಲ್ಲ, ಅವರಿಗೆ ಅಮೆರಿಕ ಸರ್ಕಾರದ ಪೆನ್ಷನ್ನೂ ಇರಲಿಲ್ಲ.

ಕೊನೆಗೆ ಹೋದ ಫೆಬ್ರುವರಿಯಲ್ಲಿ ಒಂದು ಕಂಪನಿ ತಾಳೆಯಾಯಿತು. ಯಾವುದು ಎಂದು ಈಗ ಹೇಳುವುದಿಲ್ಲ. ಎರಡೂ ದಿನ ಹೆಸರು ಬಂದವರನ್ನು ಒಮ್ಮೆಯೇ ಎಣಿಸಿದೆ. ಗಾಯವಾದರೂ ಆಸ್ಪತ್ರೆಗೆ ಹೋಗದೆ ಸಾಲಿನಲ್ಲೇ ಉಳಿದವರನ್ನು ಬೇರೆ ಇಟ್ಟೆ. ಜೂನ್‌ನಿಂದ ಆಗಸ್ಟ್‌ಗೆ ಒಬ್ಬನೂ ಜಾಸ್ತಿ ಇಲ್ಲ, ಒಬ್ಬನೂ ಕಮ್ಮಿ ಇಲ್ಲ. ರಾತ್ರಿ ಹನ್ನೊಂದೂವರೆ ಇರಬೇಕು. ಹೆಂಡತಿಯನ್ನು ಎಬ್ಬಿಸಿ ಹೇಳಿದೆ. "ಮಲಗಿ" ಅಂದಳು.

ಗುಂಪಿನಲ್ಲಿ ತೋರಿಸಿದಾಗ ಅಂದು ನಕ್ಕವರಲ್ಲಿ ಒಬ್ಬರು ಎರಡು ಗಂಟೆ ಕೂತು ತಪ್ಪು ಹುಡುಕಿದರು. ಒಂದು ಕಾಗುಣಿತದ ತಪ್ಪು ಸಿಕ್ಕಿತು, ಅಷ್ಟೇ.

ಇಲ್ಲಿಯವರೆಗೆ ಖರ್ಚು ಸಾವಿರದ ನೂರು ಡಾಲರ್ ಹತ್ತಿರ, ಬಸ್ಸು ಕಾಫಿ ಬಿಟ್ಟು. ಸೇಂಟ್ ಪಾಲ್‌ನ ಹಿಸ್ಟರಿ ಸೆಂಟರಿನ ಲೈಬ್ರರಿಯಲ್ಲಿ ಬಿಟ್ಟಿಯಾಗಿ ಕೂತು ಓದಬಹುದು ಎಂದು ಮೊದಲೇ ಗೊತ್ತಿದ್ದರೆ ಇದರಲ್ಲಿ ಅರ್ಧ ಉಳಿಯುತ್ತಿತ್ತು. ಇನ್ನು ಏಳು ಕಂಪನಿ ಬಾಕಿ. ಇಲ್ಲಿ ನನಗೆ ಒಂದು ಸಲಕ್ಕೆ ಆರು ತಿಂಗಳು ಮಾತ್ರ ಇರಲು ಬಿಡುತ್ತಾರೆ.