ಮರಳಿನಲ್ಲಿ ಟೆಂಟ್ ಹಾಕ್ತೀರಾ? ಗೂಟ ಬಿಡಿ, ಚೀಲ ಹೂಳಿ
ಮರಳಿನಲ್ಲಿ ಟೆಂಟ್ ಹಾಕುವಾಗ ಗೂಟದ ಬದಲು ಹಳೇ ಹಿಟ್ಟಿನ ಚೀಲಕ್ಕೆ ಮರಳು ತುಂಬಿ ಹೂಳಿ. ವಿಜಯಪುರದಿಂದ ಸೊಲ್ಲಾಪುರದ ಮೇಲೆ ಹಾದು ಜೈಸಲ್ಮೇರ್ ಕಡೆ ಗೆಳೆಯರ ಜೊತೆ ಗಾಡಿಯಲ್ಲಿ ಹೊರಟವರು 5 ಕೆಜಿಯ ಖಾಲಿ ಚೀಲ ಆರೇಳು ಇಟ್ಟುಕೊಂಡರೆ ಸಾಕು. ಮಡಚಿದರೆ ಸೀಟಿನ ಕೆಳಗೇ ಹಿಡಿಸುತ್ತವೆ. ಬಾಯಿ ಕಟ್ಟಿ, ಟೆಂಟಿನ ಹಗ್ಗವನ್ನು ಚೀಲದ ನಡುವಿಗೆ ಬಿಗಿದು, ಒಂದೂವರೆ ಅಡಿ ಆಳದಲ್ಲಿ ಅಡ್ಡಲಾಗಿ ಮಲಗಿಸಿ, ಮರಳು ಮುಚ್ಚಿ ತುಳಿಯಿರಿ. ಹಗ್ಗವನ್ನು ಚೀಲದ ಬಾಯಿಗೆ ಮಾತ್ರ ಕಟ್ಟಬೇಡಿ, ಚೀಲ ನೆಟ್ಟಗಾಗಿ ಗೆಣಸು ಕಿತ್ತ ಹಾಗೆ ಎದ್ದು ಬರುತ್ತದೆ. ನಮ್ಮ ಎರೆ ಮಣ್ಣು ಗೂಟವನ್ನು ಕಚ್ಚಿ ಹಿಡಿಯುತ್ತದೆ, ಒಣ ಮರಳಿಗೆ ಆ ಅಂಟು ಇಲ್ಲ ಅಲ್ವಾ? ಚೀಲ ಅಗಲ ಇರುವುದರಿಂದ ಮೇಲಿನ ಮರಳಿನ ಭಾರವೆಲ್ಲ ಅದನ್ನು ಅದುಮಿ ಹಿಡಿಯುತ್ತದೆ. ಗಾಳಿ ಬೀಸುವ ಕಡೆಯ ಚೀಲ ಮೊದಲು ಹೂಳಿ, ಅಲ್ಲಿಯವರೆಗೆ ಇನ್ನೊಬ್ಬರು ಟೆಂಟ್ ಹಿಡಿದಿರಲಿ. ದಿಬ್ಬದ ನೆತ್ತಿಯ ಮೇಲೆ ಇದು ನಂಬಿಕೆಗೆ ಬರುವುದಿಲ್ಲ, ರಾತ್ರಿ ಗಾಳಿ ಮೇಲಿನ ಮರಳನ್ನೇ ಒಯ್ಯುತ್ತದೆ. ಬಾದಾಮಿಯಂಥ ಕಲ್ಲುನೆಲದಲ್ಲಿ ಅಗೆಯಲು ಆಗುವುದೇ ಇಲ್ಲ, ದೊಡ್ಡ ಕಲ್ಲಿಗೆ ಕಟ್ಟಿ. ತೆಳು ಕ್ಯಾರಿಬ್ಯಾಗ್ ಬೇಡ, ಹರಿಯುತ್ತದೆ. ಧೂಳಿನ ಬಿರುಗಾಳಿ ಎದ್ದರೆ ಮಾತ್ರ ಯಾವ ಕಟ್ಟೂ ನಡೆಯುವುದಿಲ್ಲ. ಟೆಂಟ್ ಕೆಡವಿ, ಗಾಜು ಏರಿಸಿಕೊಂಡು ಗಾಡಿಯೊಳಗೇ ಕೂತುಬಿಡಿ. ಬೆಳಗ್ಗೆ ಹಗ್ಗ ಹಿಡಿದು ಜಗ್ಗಬೇಡಿ. ಕೈಯಿಂದ ಮರಳು ಸರಿಸಿ ಚೀಲ ತೆಗೆದು, ಅಲ್ಲೇ ಸುರಿದು, ಮಡಚಿಟ್ಟುಕೊಳ್ಳಿ.