ಬೆಳಕು ಬಿದ್ದ ಮೇಲಷ್ಟೇ ಹೊಳೆಯುವ ಬಣ್ಣ: ರೂಪಿಸುವುದು ಹೇಗೆ?

ಜೀವಕೋಶದ ಪ್ರೋಟೀನ್‌ಗಳಿಗೆಲ್ಲ ಹೊಳೆಯುವ ಬಣ್ಣ ಹಚ್ಚಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕಾಣುವುದು ಮಬ್ಬು ಮುದ್ದೆ. ಸುಮಾರು 200 ನ್ಯಾನೊಮೀಟರ್‌ಗಿಂತ ಹತ್ತಿರದ ಚುಕ್ಕಿಗಳು ಒಂದರಲ್ಲೊಂದು ಬೆರೆತುಹೋಗುತ್ತವೆ. ಒಮ್ಮೆಗೆ ನಾಲ್ಕಾರು ಅಣುಗಳನ್ನಷ್ಟೇ ಹೊತ್ತಿಸಿ, ಅವುಗಳ ಜಾಗ ಗುರುತಿಸಿ, ಅವು ಆರಿದ ಮೇಲೆ ಬೇರೆ ನಾಲ್ಕನ್ನು ಹೊತ್ತಿಸಿದರೆ? 2006ರಲ್ಲಿ ಎರಿಕ್ ಬೆಟ್ಜಿಗ್ ಮತ್ತು ಸಂಗಡಿಗರು ಮಾಡಿದ್ದು ಇದನ್ನೇ. 2014ರ ರಸಾಯನವಿಜ್ಞಾನದ ನೊಬೆಲ್‌ನಲ್ಲಿ ಬೆಟ್ಜಿಗ್ ಅವರಿಗೂ ಪಾಲು ದೊರೆಯಿತು. ಅವರು ಬಳಸಿದ್ದು ಹೊಳೆಯುವ ಪ್ರೋಟೀನ್‌ಗಳನ್ನು. ಅವುಗಳಿಗಿಂತ ಚಿಕ್ಕದಾದ ಬಣ್ಣದ ಅಣುವನ್ನೇ ಈ ಕೆಲಸಕ್ಕೆ ಹೂಡಬಹುದು.

ಮೊದಲು ಮೂಲ ಬಣ್ಣವನ್ನು ಆರಿಸಿ. ರೋಡಮೀನ್ ಒಳ್ಳೆಯ ಆಯ್ಕೆ, ಏಕೆಂದರೆ ಅದರ ಮೈಯಲ್ಲೇ ಒಂದು ಮುಚ್ಚಳವಿದೆ. ಲ್ಯಾಕ್ಟೋನ್ ಎಂಬ ಪರಮಾಣುಗಳ ಉಂಗುರವೇ ಆ ಮುಚ್ಚಳ; ಅದು ಮುಚ್ಚಿದ್ದರೆ ಅಣು ಬಣ್ಣಗೇಡಿ, ತೆರೆದರೆ ಹೊಳೆಯುತ್ತದೆ. ಅಂಚಿನ ಡೈಮೀಥೈಲ್ ಅಮೈನ್‌ಗಳ ಬದಲು ನಾಲ್ಕು ಮೂಲೆಯ ಅಜೆಟಿಡಿನ್ ಉಂಗುರ ಕೂರಿಸಿದರೆ ಹೊಳಪಿನ ದಕ್ಷತೆ (ಹೀರಿದ ಬೆಳಕಿನ ಕಣಗಳಲ್ಲಿ ಮರಳಿ ಹೊರಸೂಸುವ ಪಾಲು) 0.41ರಿಂದ 0.88ಕ್ಕೆ ಏರುತ್ತದೆ. ಇಷ್ಟು ಸಣ್ಣ ತಿದ್ದುಪಡಿಗೆ ಇಷ್ಟು ದೊಡ್ಡ ಫಲ ರಸಾಯನಶಾಸ್ತ್ರದಲ್ಲಿ ದಿನವೂ ಸಿಗುವುದಿಲ್ಲ.

ಮುಂದಿನದು ಬೀಗ. ನೈಟ್ರೋಬೆಂಜೈಲ್ ಗುಂಪನ್ನು ಬಣ್ಣದ ಸಾರಜನಕಕ್ಕೆ ಕಟ್ಟಿದರೆ ಉಂಗುರ ಮುಚ್ಚಿಯೇ ಇರುತ್ತದೆ. ಅತಿನೇರಳೆ ಬೆಳಕು ಬಿದ್ದರೆ ಕಳಚುತ್ತದೆ. ಆದರೆ ಅದು ದಪ್ಪ, ನೀರಿನಲ್ಲಿ ಸುಲಭವಾಗಿ ಕರಗದು, ಕಳಚಿದ ತುಣುಕು ಕೋಶಕ್ಕೆ ಕಿರಿಕಿರಿ. ಡಯಾಜೊಕೀಟೋನ್ ಬೀಗ ಪುಟ್ಟದು, ಹೊರಬಿಡುವುದು ಬರೀ ಸಾರಜನಕ ಅನಿಲ. ಅದಕ್ಕೂ ಒಂದು ಕೊರತೆಯಿದೆ: ಕೆಲವು ಅಣುಗಳು ದಾರಿ ತಪ್ಪಿ, ಎಂದೂ ಹೊಳೆಯದ ರೂಪಕ್ಕೆ ತಿರುಗುತ್ತವೆ. ಆದರೂ ಜೀವಂತ ಕೋಶಕ್ಕೆ ನನ್ನ ಮತ ಇದಕ್ಕೇ.

ಬಣ್ಣ ಬೇಕಾದ ಪ್ರೋಟೀನ್‌ಗೇ ಅಂಟಲು ಒಂದು ಕೊಕ್ಕೆ ಬೇಕು. ಪ್ರೋಟೀನ್‌ನ ಜೀನ್‌ಗೆ ಹ್ಯಾಲೊಟ್ಯಾಗ್ ಎಂಬ ಕೊಕ್ಕೆ ಪ್ರೋಟೀನ್‌ನ ಜೀನ್ ಜೋಡಿಸಿ, ಬಣ್ಣಕ್ಕೆ ಕ್ಲೋರಿನ್ ತುದಿಯ ಇಂಗಾಲದ ಸರಪಳಿ ಕಟ್ಟಿ. ಎರಡೂ ಸೇರಿದರೆ ಮತ್ತೆ ಬಿಡದ ಬಂಧ.

ಇಲ್ಲಿಂದ ಮುಂದೆ ಕೆಲಸವೆಲ್ಲ ಕೆಂಪು ದೀಪದಡಿ, ಸೀಸೆಗೆ ಅಲ್ಯುಮಿನಿಯಂ ಹಾಳೆ ಸುತ್ತಿ. ಕೊನೆಗೆ, ಹೊತ್ತಿಸುವ ಮುನ್ನವೇ ಎಷ್ಟು ಹೊಳೆಯುತ್ತಿದೆ ಎಂದು ಅಳೆಯಿರಿ. ಹೊಸಬರು ಹೊಳಪಿನ ಬೆನ್ನು ಹತ್ತುತ್ತಾರೆ; ನಿಜವಾದ ಪರೀಕ್ಷೆ ಕತ್ತಲೆಯದು. ಕೋಶದಲ್ಲಿ 10,000 ಅಣುಗಳಿದ್ದು ಶೇ 1ರಷ್ಟಕ್ಕೆ ಬೀಗ ಬಿದ್ದಿರದಿದ್ದರೂ, ಲೇಸರ್ ಹಚ್ಚುವ ಮೊದಲೇ 100 ಚುಕ್ಕಿಗಳು ಮಿನುಗುತ್ತಿರುತ್ತವೆ. ಅಂಥ ಮಾದರಿಯನ್ನು ಮತ್ತೊಮ್ಮೆ ಶುದ್ಧೀಕರಿಸಿ.