ಕ್ಯಾಟಲಿಸ್ಟ್ ಸತ್ತಿತೇ? ಮೊದಲು ಸ್ಯಾಂಪಲ್ ಬಾಟಲಿ ನೋಡಿ

ಶಾಂಪೂವಿನ ನೊರೆಯ ಹಿಂದಿರುವ ಫ್ಯಾಟಿ ಆಲ್ಕೋಹಾಲ್ ಅನ್ನು ಕೊಬ್ಬರಿ ಎಣ್ಣೆಯಿಂದಲೋ ತಾಳೆಬೀಜದ ಎಣ್ಣೆಯಿಂದಲೋ ಮಾಡುತ್ತಾರೆ. ಎಣ್ಣೆಯನ್ನು ಮೆಥನಾಲ್ ಸೇರಿಸಿ ಮೀಥೈಲ್ ಎಸ್ಟರ್ ಮಾಡುವುದು, ಅದನ್ನು 200 ಡಿಗ್ರಿಗೂ ಮೀರಿದ ಬಿಸಿಯಲ್ಲಿ, 200ರಿಂದ 300 ಬಾರ್ ಒತ್ತಡದಲ್ಲಿ, ಹೈಡ್ರೋಜನ್ ಜೊತೆ ಕಾಪರ್ ಕ್ರೋಮೈಟ್ ಎಂಬ ತಾಮ್ರದ ಕ್ಯಾಟಲಿಸ್ಟ್ (ಕ್ರಿಯೆಯ ವೇಗ ಹೆಚ್ಚಿಸುವ ವಸ್ತು) ಮೇಲೆ ಹಾಯಿಸುವುದು. ಮುಂಬಯಿ ಬಳಿಯ ತಳೋಜಾ, ಅಂಬರನಾಥದ ಕಡೆ ಕೆಲಸಕ್ಕೆ ಸೇರುವ ನಮ್ಮ ಹುಡುಗರು ಕ್ಯಾಟಲಿಸ್ಟ್ ಸೋತ ಕೂಡಲೇ ರಿಯಾಕ್ಟರನ್ನು ಬೈಯುತ್ತಾರೆ. ಆದರೆ ಅದನ್ನು ಕೊಂದ ವಿಷ, ಅಂದರೆ ಗಂಧಕ, ಕ್ಲೋರಿನ್, ಹುಳಿಯಂಥವು, ಬಹಳ ಸಲ ಬಂದದ್ದು ಎಣ್ಣೆಯ ಟ್ಯಾಂಕರಿನಲ್ಲಿ.

ಮೊದಲು ಲೆಕ್ಕ ಹಾಕಿ. ದಿನಕ್ಕೆ 100 ಟನ್ ಎಸ್ಟರ್ ಹೋಗುವ ಕಡೆ ಗಂಧಕ ಬರೀ 1 ಪಿಪಿಎಂ (ಹತ್ತು ಲಕ್ಷದಲ್ಲಿ ಒಂದು ಭಾಗ) ಇದ್ದರೂ ದಿನಕ್ಕೆ 100 ಗ್ರಾಂ, 100 ದಿನಕ್ಕೆ 10 ಕಿಲೋ. ಒಂದು ಕಿಲೋ ಗಂಧಕ ಹತ್ತಿರ ಹತ್ತಿರ ನಾಲ್ಕು ಕಿಲೋ ತಾಮ್ರವನ್ನು ಸಲ್ಫೈಡ್ ಮಾಡಿ ಕೂರಿಸಬಲ್ಲದು. "ಒಂದೇ ಪಿಪಿಎಂ ಸರ್" ಎನ್ನುವವರಿಗೆ ಇಷ್ಟು ಸಾಕು. ಬೂಸ್ಟು ಹಿಡಿಯದಿರಲೆಂದು ಗಂಧಕದ ಹೊಗೆ ಹಾಕಿದ ಕೊಬ್ಬರಿಯ ಎಣ್ಣೆ ಅಗ್ಗಕ್ಕೆ ಸಿಗುತ್ತದೆ; ನಾನಾದರೆ ಗೇಟಿನ ಒಳಗೇ ಬಿಡುವುದಿಲ್ಲ.

ಎರಡನೆಯದು ಸ್ಯಾಂಪಲ್ ತೆಗೆಯುವುದು. ಎಲ್ಲರೂ ಎಡವುವುದು ಇಲ್ಲೇ. ಟ್ಯಾಂಕರಿನ ಮುಚ್ಚಳ ತೆರೆದು ಮೇಲಿನ ಎಣ್ಣೆ ಮೊಗೆದರೆ ರಿಪೋರ್ಟ್ ಚಂದವೇ ಬರುತ್ತದೆ, ಏಕೆಂದರೆ ನೀರು ಮತ್ತು ಅಂಟು ತಳದಲ್ಲಿರುತ್ತವೆ. ಮೇಲೆ, ನಡುವೆ, ಕೆಳಗೆ, ಮೂರೂ ಕಡೆ ತೆಗೆಯಿರಿ. ಡಿಸೆಂಬರ್ ಬೆಳಿಗ್ಗೆ ಕೊಬ್ಬರಿ ಎಣ್ಣೆ ಅರ್ಧ ಹೆಪ್ಪುಗಟ್ಟಿದ್ದರೆ ಪೂರ್ತಿ ಕರಗಿಸಿ, ಕಲಕಿ, ಆಮೇಲೆ. ವಾಲ್ವಿನಿಂದ ಹಿಡಿಯುವುದಾದರೆ ಪೈಪಿನಲ್ಲಿ ನಿಂತಿದ್ದ ಹಳೆಯ ಎಣ್ಣೆಯನ್ನು ಮೊದಲು ಹೊರಗೆ ಬಿಡಿ. ನಲ್ಲಿ ನೀರಿನಲ್ಲಿ ತೊಳೆದ ಬಾಟಲಿ ಬೇಡ, ಅದರ ಕ್ಲೋರೈಡ್ ನಿಮ್ಮ ರಿಪೋರ್ಟಿಗೆ ಬರುತ್ತದೆ. ಡಿಸ್ಟಿಲ್ಡ್ ವಾಟರಿನಲ್ಲಿ ತೊಳೆದು, ಒಣಗಿಸಿ, ಅದೇ ಎಣ್ಣೆಯಲ್ಲಿ ಎರಡು ಸಲ ಗಲಬರಿಸಿ. ರಬ್ಬರ್ ಬಿರಡೆ, ರಬ್ಬರ್ ಟ್ಯೂಬ್ ಕೂಡದು: ರಬ್ಬರನ್ನು ಗಟ್ಟಿ ಮಾಡುವುದೇ ಗಂಧಕದಿಂದ. ನಾನಿದ್ದ ಒಂದು ಕಾರ್ಖಾನೆಯಲ್ಲಿ ಒಳ್ಳೆಯ ಎಣ್ಣೆಯ ಎರಡು ಟ್ಯಾಂಕರ್ ವಾಪಸ್ ಕಳಿಸಿದೆವು. ತಪ್ಪು ಮಾಡಿದ್ದು ಲ್ಯಾಬಿನ ಕೆಂಪು ರಬ್ಬರ್ ಟ್ಯೂಬು.

ಕ್ಲೋರಿನ್ ಗಂಧಕಕ್ಕಿಂತ ಕಪಟಿ. ತಾಮ್ರದ ಕಣಗಳು ಜರುಗಿ ಒಂದಕ್ಕೊಂದು ಅಂಟಿ ದಪ್ಪವಾಗುವಂತೆ ಮಾಡುತ್ತದೆ. ತಾಮ್ರವೇನೋ ಇರುತ್ತದೆ, ಕೆಲಸ ಮಾಡುವ ಹೊರಮೈ ಕಡಿಮೆಯಾಗಿರುತ್ತದೆ. ಎಣ್ಣೆಯ ಬಣ್ಣ ತೆಗೆಯಲು ಬಳಸುವ, ಆಸಿಡ್ ಹಾಕಿ ಚುರುಕು ಮಾಡಿದ ಬ್ಲೀಚಿಂಗ್ ಮಣ್ಣನ್ನು ಸರಿಯಾಗಿ ತೊಳೆಯದೆ ಮಾರುವವರಿದ್ದಾರೆ, ಕ್ಲೋರಿನ್ನೋ ಗಂಧಕವೋ ಅಲ್ಲಿಂದಲೂ ಬರುತ್ತದೆ. ಉಪ್ಪುನೀರಿನಿಂದ ಕ್ಲೋರಿನ್, ಕಾಸ್ಟಿಕ್ ಸೋಡಾ ಮಾಡುವ ಕ್ಲೋರ್-ಆಲ್ಕಲಿ ಕಾರ್ಖಾನೆಯ ಹೈಡ್ರೋಜನ್ ಕೊಳ್ಳುತ್ತಿದ್ದರೆ ಅದನ್ನೂ ಪರೀಕ್ಷಿಸಿ.

ಮೂರನೆಯ ವಿಷ ಹುಳಿ, ಅಂದರೆ ಬಿಡಿ ಫ್ಯಾಟಿ ಆಸಿಡ್. ತಾಮ್ರದ ಚೊಂಬಿನಲ್ಲಿ ಮಜ್ಜಿಗೆ ಇಡಬೇಡ ಎಂದು ಅಜ್ಜಿ ಹೇಳುತ್ತಿದ್ದಳಲ್ಲ, ಅದೇ ರಸಾಯನಶಾಸ್ತ್ರ. ಹುಳಿ ತಾಮ್ರವನ್ನು ಸೋಪಾಗಿಸಿ ಕರಗಿಸಿಕೊಂಡು ಹೋಗುತ್ತದೆ. ಮಳೆಗಾಲದಲ್ಲಿ ಇದು ಜಾಸ್ತಿ: ಟ್ಯಾಂಕಿನೊಳಗೆ ಮುಂಬಯಿಯ ತೇವದ ಗಾಳಿ ನುಗ್ಗಿದರೆ ನೀರು ಎಸ್ಟರನ್ನು ಮತ್ತೆ ಆಸಿಡ್ ಮಾಡುತ್ತದೆ. ಜೂನ್‌ಗೆ ಮೊದಲೇ, ಗಾಳಿ ನುಗ್ಗದಂತೆ ಟ್ಯಾಂಕಿನಲ್ಲಿ ತುಂಬುವ ನೈಟ್ರೋಜನ್ ಹೊದಿಕೆ ಸರಿಯಿದೆಯೇ ನೋಡಿಕೊಳ್ಳಿ.

ಎಣ್ಣೆಯ ಅಂಟಿನಲ್ಲಿರುವ ರಂಜಕ ಹೋಗಲು ಡೀಗಮ್ಮಿಂಗ್ (ಅಂಟು ತೆಗೆಯುವುದು) ಮಾಡಿ, ಅದಕ್ಕೆ ಹಾಕಿದ ಫಾಸ್ಫೋರಿಕ್ ಆಸಿಡನ್ನೇ ಉಳಿಸಬೇಡಿ. ಸೋಪು, ಗ್ಲಿಸರಿನ್ ಹೋಗುವ ತನಕ ಎಸ್ಟರ್ ತೊಳೆಯಿರಿ, ಒಣಗಿಸಿ, ಡಿಸ್ಟಿಲ್ ಮಾಡಿ. ಡಿಸ್ಟಿಲೇಷನ್ ಲೋಹ, ರಂಜಕಗಳನ್ನು ಹಿಂದೆ ಬಿಡುತ್ತದೆ; ಆವಿಯಾಗುವ ಗಂಧಕದ ಸಂಯುಕ್ತಗಳು ಮಾತ್ರ ಎಸ್ಟರ್ ಜೊತೆಗೇ ಬರುತ್ತವೆ. ಅದಕ್ಕೆ ರಿಯಾಕ್ಟರಿನ ಮುಂದೆ ಹಳೆಯ ತಾಮ್ರದ ಕ್ಯಾಟಲಿಸ್ಟ್ ತುಂಬಿದ ಗಾರ್ಡ್ ಬೆಡ್ (ಕಾವಲಿನ ಪಾತ್ರೆ) ಇಡಿ. ವಿಷ ಅದು ಕುಡಿಯಲಿ.

ಪರಿವರ್ತನೆ, ಅಂದರೆ ಎಸ್ಟರ್ ಆಲ್ಕೋಹಾಲ್ ಆಗುವ ಪ್ರಮಾಣ, ಇಳಿದಾಗ ಐದು ಡಿಗ್ರಿ ಬಿಸಿ ಏರಿಸಿ ತಿಂಗಳು ತಳ್ಳುವ ಅಡ್ಡದಾರಿ ಎಲ್ಲ ಶಿಫ್ಟಿಗೂ ಗೊತ್ತು. ಹಾಗೆ ಏರಿಸುತ್ತಲೇ ಹೋದರೆ ಆಲ್ಕೋಹಾಲ್ ಹೈಡ್ರೋಕಾರ್ಬನ್ ಆಗತೊಡಗುತ್ತದೆ, ತಾಮ್ರವೂ ಇನ್ನಷ್ಟು ದಪ್ಪಗಟ್ಟುತ್ತದೆ.

ಕ್ಯಾಟಲಿಸ್ಟ್ ಇಳಿಸುವ ದಿನ ಎಲ್ಲವನ್ನೂ ಒಂದೇ ಡ್ರಮ್ಮಿಗೆ ಸುರಿಯಬೇಡಿ. ಗಾಳಿ ತಾಗಿದರೆ ಕಾದು ಹೊತ್ತಿಕೊಳ್ಳಬಹುದು, ನೈಟ್ರೋಜನ್‌ನಲ್ಲೇ ಇಳಿಸಿ. ಮೇಲಿನ, ನಡುವಿನ, ಕೆಳಗಿನ ಪದರಕ್ಕೆ ಬೇರೆ ಬೇರೆ ಚೀಟಿ ಅಂಟಿಸಿ ಲ್ಯಾಬಿಗೆ ಕಳಿಸಿ. ಎಸ್ಟರ್ ಒಳಗೆ ಬರುವ ಮೇಲಿನ ಕಡೆ ಗಂಧಕ ದಟ್ಟವಾಗಿ, ಕೆಳಗೆ ತೆಳ್ಳಗಿದ್ದರೆ ಎಣ್ಣೆ ಕೊಟ್ಟವನನ್ನು ಕರೆಸಿ. ಗಂಧಕವೂ ಕ್ಲೋರಿನ್ನೂ ಇಲ್ಲದೆ ತಾಮ್ರ ಎಲ್ಲ ಪದರದಲ್ಲೂ ದಪ್ಪಗಟ್ಟಿದ್ದರೆ ಬಿಸಿ ಏರಿಸಿದ ಶಿಫ್ಟಿನ ಲಾಗ್‌ಬುಕ್ ತೆಗೆಯಿರಿ.